ಹಗ್ಗ ಹಿಡಿದವನು

“ಬುದ್ಧೀ, ನಾನು ಎಲ್ಲಿದ್ದರೆ ಸರಿ?”

ಕೇಳಿದವಳು ಸೂಲಗಿತ್ತಿ ಚಿಕ್ಕತಾಯಮ್ಮ. ಸುತ್ತಲಿನ ಏಳು ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವಳು ಅವಳೊಬ್ಬಳೇ. ಸೋಮವಾರ ಬಂತೆಂದರೆ ಬೆಟ್ಟದ ತಪ್ಪಲಿನ ಮಠಕ್ಕೆ ಬಂದು, ಗುರುಗಳ ಮಾತು ಕೇಳಿ ಹೋಗುವುದು ಅವಳ ರೂಢಿ. ಆ ದಿನ ಕುಳಿತುಕೊಳ್ಳುವ ಮೊದಲೇ ಪ್ರಶ್ನೆ ಕೇಳಿದಳು.

ಗುರುಗಳು ಮಜ್ಜಿಗೆಯ ಲೋಟವನ್ನು ಅವಳತ್ತ ನೀಡಿದರು. “ಮೊದಲು ಕುಡಿ. ಬಿಸಿಲಲ್ಲಿ ಬಂದಿದ್ದೀಯೆ. ಎಲ್ಲಿರಬೇಕು ಅನ್ನುವುದನ್ನು ಆಮೇಲೆ ನೋಡೋಣ.”

ಅವಳು ಕೈ ಚಾಚಿದಳು. ಲೋಟ ಕೈಗೆ ಬಂದದ್ದೇ ತಡ, ಅರ್ಧ ಮಜ್ಜಿಗೆ ನೆಲಕ್ಕೆ ಚೆಲ್ಲಿತು.

“ಅಯ್ಯೋ, ಲೋಟ ಜಾರಿತು,” ಎನ್ನುತ್ತಾ ಸೆರಗಿನಿಂದಲೇ ನೆಲ ಒರೆಸಿದಳು.

ಗುರುಗಳು ಇನ್ನೊಂದು ಲೋಟ ತುಂಬಿ, ಈ ಸಲ ಅವಳ ಮುಂದೆ ನೆಲದ ಮೇಲಿಟ್ಟರು.

“ಕರೆದವರ ಮನೆಗೆ ಹೋದರೆ ನನ್ನ ಮನೆಯದೇ ಯೋಚನೆ ಬುದ್ಧೀ. ಸಣ್ಣವಳು ಉಂಡಳೋ ಇಲ್ಲವೋ, ಅತ್ತೆಗೆ ಯಾರು ನೀರು ಕಾಯಿಸಿಕೊಟ್ಟರು, ಇದೇ. ಅಲ್ಲಿ ಹೆಣ್ಣುಮಗಳು ನೋವು ತಿನ್ನುತ್ತಿರುತ್ತಾಳೆ, ನನ್ನ ತಲೆ ಮಾತ್ರ ನಮ್ಮ ಒಲೆಯ ಮುಂದೆ ಇರುತ್ತದೆ. ಮನೆಗೆ ಬಂದರೆ ಆ ಹೆಣ್ಣುಮಗಳ ಕೂಗೇ ಕಿವಿಯಲ್ಲಿ. ಮಗಳು ಏನೋ ಹೇಳುತ್ತಿರುತ್ತಾಳೆ, ನನಗೆ ಕೇಳಿಸುವುದೇ ಇಲ್ಲ. ಸುಮ್ಮಸುಮ್ಮನೆ ರೇಗುತ್ತೇನೆ. ಮೊನ್ನೆ ಹೊಡೆದೂಬಿಟ್ಟೆ. ನಿದ್ದೆ ಹತ್ತುವುದಿಲ್ಲ, ಅನ್ನ ಸೇರುವುದಿಲ್ಲ. ಒಂದೊಂದು ಸಲ ಎಲ್ಲಿಗಾದರೂ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ.”

“ಮನೆಯಲ್ಲಿ ಹೇಳಿದ್ದೀಯಾ?”

“ಏನಂತ ಹೇಳಲಿ? ಅವರ ಪಾಡಿಗೆ ಅವರು ನೆಮ್ಮದಿಯಾಗಿದ್ದಾರೆ. ನನ್ನ ಗಂಡ ಪಾಪ, ಇವೆಲ್ಲ ತಿಳಿಯುವವನಲ್ಲ. ಹೇಳಿ ಅವನ ನಿದ್ದೆಯನ್ನೂ ಯಾಕೆ ಕೆಡಿಸಲಿ?”

“ಹೌದೌದು,” ಎಂದರು ಗುರುಗಳು. “ನಿನ್ನೊಬ್ಬಳದು ಕೆಟ್ಟರೆ ಸಾಕು. ಮಹಾ ಧರ್ಮಾತ್ಮೆ ನೀನು.”

ಅವಳು ನಗಲಿಲ್ಲ. ಕಣ್ಣು ತುಂಬಿಕೊಂಡಳು. ಗುರುಗಳಿಗೆ ತಾವು ಆಡಿದ್ದು ಹೆಚ್ಚಾಯಿತು ಅನ್ನಿಸಿತು. ದನಿ ತಗ್ಗಿಸಿ, “ಕುಡಿ ತಾಯಿ. ಒಂದು ಕತೆ ಹೇಳುತ್ತೇನೆ,” ಎಂದು ಗೋಡೆಗೆ ಒರಗಿ ಕುಳಿತರು.

ಬೆಟ್ಟದ ಮೇಲಿನ ಕಾಡುಜನರ ಒಂದು ಹಾಡಿಯಲ್ಲಿ ಒಬ್ಬ ಜೇನು ಕೀಳುವವನಿದ್ದ. ಹೆಜ್ಜೇನು ಕಟ್ಟುವುದು ಎಲ್ಲಿ? ಕಡಿದಾದ ಬಂಡೆಯ ನಡುಮಧ್ಯದಲ್ಲಿ. ಬಂಡೆಯ ತಲೆಯಿಂದ ಬಳ್ಳಿಯ ಹಗ್ಗ ಇಳಿಬಿಟ್ಟು, ಅದಕ್ಕೆ ಜೋತುಬಿದ್ದು, ಇಳಿದು ಕೀಳಬೇಕು. ಮೇಲೆ ಹಗ್ಗ ಹಿಡಿಯಲು ಒಬ್ಬ ಬೇಕು. ಯಾರೆಂದರೆ ಅವರು ಹಿಡಿಯುವ ಹಾಗಿಲ್ಲ. ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು, ಅದು ಆ ಹಾಡಿಯ ಕಟ್ಟಳೆ. ಯಾಕೆ ಹೇಳು? ಬೇರೆ ಯಾರು ಕೈಬಿಟ್ಟರೂ ಅವನು ಬಿಡಲಾರ. ಬಿಟ್ಟರೆ ತಾಳಿ ಹೋಗುವುದು ಅವನ ಅಕ್ಕನದೇ.

ಆ ವರ್ಷ ಜೇನು ಕೀಳುವವನ ಹೆಂಡತಿ ಬಾಣಂತಿ. ಹಸುಗೂಸಿಗೆ ಮೇಲಿಂದ ಮೇಲೆ ಜ್ವರ. ದೊಡ್ಡ ಮಗಳಿಗೆ ನಾಲ್ಕು ವರ್ಷ, ಅಪ್ಪನ ಬೆನ್ನು ಬಿಡದ ವಯಸ್ಸು. ಜೇನಿನ ಕಾಲವಾದರೋ ಎರಡೇ ತಿಂಗಳು. ಮಳೆ ಬಿತ್ತೆಂದರೆ ಮುಗಿಯಿತು. ಆ ಬಂಡೆಗೆ ಇಳಿಯುವ ಎದೆ ಹಾಡಿಯಲ್ಲಿ ಇದ್ದದ್ದು ಅವನೊಬ್ಬನಿಗೆ. ಇಪ್ಪತ್ತು ಮನೆಯವರು ಅವನ ಬುಟ್ಟಿಯ ದಾರಿ ಕಾಯುತ್ತಿದ್ದರು.

ಹಗ್ಗದಲ್ಲಿ ತೂಗುವಾಗ ಅವನಿಗೆ ಕೂಸಿನ ಅಳು ಕೇಳಿಸುತ್ತಿತ್ತು. ಮನೆಯಲ್ಲಿ ಕೂಸನ್ನು ಎತ್ತಿಕೊಂಡರೆ ಜೇನುಹುಳಗಳ ಸದ್ದು ಕೇಳಿಸುತ್ತಿತ್ತು. ಒಂದು ದಿನ ದೊಡ್ಡ ಮಗಳು ಬಂದು ತೊಡೆಯೇರಿದಳು. ಅವನು ದೂಡಿಬಿಟ್ಟ. ಮಗು ಅಳಲಿಲ್ಲ. ದೂರ ಹೋಗಿ ಕುಳಿತು ಅಪ್ಪನನ್ನೇ ನೋಡಿತು. ಅವನಿಗೆ ಎದ್ದು ಹೋಗಿ ಎತ್ತಿಕೊಳ್ಳಬೇಕು ಅನ್ನಿಸಿತು, ಕಾಲೇ ಏಳಲಿಲ್ಲ.

ಮಾರನೆಯ ದಿನದಿಂದ ಅವನ ಕೈ ನಡುಗತೊಡಗಿತು.

ಈ ಮಾತು ಬಂದಾಗ ಚಿಕ್ಕತಾಯಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಗುರುಗಳು ನೋಡಿಯೂ ನೋಡದವರ ಹಾಗೆ ಮುಂದುವರಿಸಿದರು.

ಬಂಡೆಗೆ ಇಳಿಯುವವನ ಕೈ ನಡುಗುತ್ತದೆ ಎಂದರೆ ಮರ್ಯಾದೆ ಉಳಿದೀತೇ? ಅದರಲ್ಲೂ ಹಗ್ಗ ಹಿಡಿದವನು ಹೆಂಡತಿಯ ತಮ್ಮ. ಅವನಿಗೆ ಗೊತ್ತಾದರೆ ಅಕ್ಕನ ಕಿವಿಗೆ ಬೀಳಲು ಎಷ್ಟು ಹೊತ್ತು? ಅದಕ್ಕೇ ಇವನು ಮೇಲೆ ಬಂದವನೇ, “ಈ ಹಗ್ಗ ಸರಿಯಿಲ್ಲ ಕಣಪ್ಪ, ಬಹಳ ಅಲುಗಾಡುತ್ತದೆ,” ಎಂದ. “ಹೌದು ಭಾವ, ದರಿದ್ರದ ಹಗ್ಗ,” ಎಂದ ಬಾಮೈದ. ಇಬ್ಬರೂ ಕಾಡಿನಿಂದ ಬಳ್ಳಿ ತಂದು ಹೊಸ ಹಗ್ಗ ಹೊಸೆದರು. ಅದೂ ಅಲುಗಾಡಿತು. ಅದನ್ನೂ ಬೈದು ಇನ್ನೊಂದು, ಆಮೇಲೆ ಮತ್ತೊಂದು ಹೊಸೆದರು. ಒಂದು ತಿಂಗಳಿಗೆ ಮೂರು ಹಗ್ಗ! ಹಾಡಿಯಲ್ಲಿ ಯಾರೂ ಅಷ್ಟು ಹಗ್ಗ ಹೊಸೆದದ್ದಿಲ್ಲ.

ಮೂರನೆಯದೂ ಅಲುಗಾಡಿದಾಗ ಅವನಿಗೆ ದಿಗಿಲಾಯಿತು. ಇನ್ನು ಬಾಮೈದನ ಕಣ್ಣು ತಪ್ಪಿಸಲಾಗದು ಅನ್ನಿಸಿತು. ಆಗ ಏನು ಮಾಡಿದ ಗೊತ್ತೇ, ಆ ಬುದ್ಧಿವಂತ? ಬೆಳಕು ಹರಿಯುತ್ತಲೇ ಒಬ್ಬನೇ ಬೆಟ್ಟ ಹತ್ತಿದ. ಬಂಡೆಯ ತಲೆಯಲ್ಲಿ ಒಂದು ಮತ್ತಿಮರವಿತ್ತು. ಹಗ್ಗವನ್ನು ಅದಕ್ಕೆ ಬಿಗಿದ. ಮರ ಗಟ್ಟಿಯಾಗಿ ಹಿಡಿಯುತ್ತದೆ, ಮನೆಗೆ ಹೋಗಿ ಏನನ್ನೂ ಹೇಳುವುದಿಲ್ಲ.

“ಅಯ್ಯಯ್ಯೋ, ಎಂಥ ಕೆಲಸ ಮಾಡಿದ!” ಎಂದಳು ಚಿಕ್ಕತಾಯಮ್ಮ.

“ಯಾಕೆ? ಯಾರ ನಿದ್ದೆಯೂ ಕೆಡಬಾರದಲ್ಲ?” ಎಂದರು ಗುರುಗಳು.

ಅರ್ಧ ಇಳಿದ. ಕೈ ನಡುಗಲು ಶುರುವಾಯಿತು, ಆಮೇಲೆ ಕಾಲು, ಆಮೇಲೆ ಮೈಯೆಲ್ಲ. ಹಗ್ಗವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ. ಮೇಲೆ ಹತ್ತಲಾರ, ಕೆಳಗೆ ಇಳಿಯಲಾರ. ಹಗ್ಗವನ್ನು ಮೂರು ಸಲ ಜಗ್ಗಿದ. ಮೂರು ಸಲ ಜಗ್ಗಿದರೆ ಮೇಲಿನವನು ಎಳೆದುಕೊಳ್ಳಬೇಕು, ಅದು ಅವರಿಬ್ಬರ ಗುರುತು. ಮರಕ್ಕೆ ಏನು ತಿಳಿಯಬೇಕು? ಮತ್ತೆ ಜಗ್ಗಿದ. ಬಿಸಿಲೇರಿತು. ಬೆರಳುಗಳು ಜೋಮು ಹಿಡಿದವು. ಆಗ ಅವನಿಗೆ ಜೇನು ನೆನಪಾಗಲಿಲ್ಲ, ಇಪ್ಪತ್ತು ಮನೆಗಳೂ ನೆನಪಾಗಲಿಲ್ಲ. ದೂರ ಕುಳಿತು ನೋಡುತ್ತಿದ್ದ ಮಗುವಿನ ಮುಖ ನೆನಪಾಯಿತು. ಅಷ್ಟು ದೊಡ್ಡ ಗಂಡಸು ಬಾಯಿಬಿಟ್ಟು ಅತ್ತ.

ಅಷ್ಟರಲ್ಲಿ ಹಗ್ಗ ಮೇಲಕ್ಕೆ ಹೊರಟಿತು.

ಮೇಲೆ ಬಾಮೈದ ಏದುಸಿರು ಬಿಡುತ್ತಾ ನಿಂತಿದ್ದ. ಮರಕ್ಕೆ ಕಾಲು ಕೊಟ್ಟು ಒಬ್ಬನೇ ಎಳೆದಿದ್ದ. ಅಂಗೈ ಚರ್ಮ ಕಿತ್ತುಹೋಗಿತ್ತು. ಗಂಡ ಮನೆಯಲ್ಲಿ ಕಾಣದಿದ್ದಾಗ ಅಕ್ಕ ಅವನನ್ನು ಬೆಟ್ಟಕ್ಕೆ ಓಡಿಸಿದ್ದಳು.

ಜೇನು ಕೀಳುವವನು ಬಹಳ ಹೊತ್ತು ಬಂಡೆಯ ಮೇಲೆ ಅಂಗಾತ ಬಿದ್ದುಕೊಂಡಿದ್ದ. ಆಮೇಲೆ, “ನನ್ನ ಕೈ ನಡುಗುತ್ತದೆ ಕಣಪ್ಪ,” ಎಂದ.

“ಗೊತ್ತು ಭಾವ. ಹಗ್ಗ ಹಿಡಿದವನಿಗೆ ತಿಳಿಯುವುದಿಲ್ಲವೇ? ಮೊದಲ ದಿನವೇ ತಿಳಿಯಿತು.”

“ಮತ್ತೆ ನನ್ನ ಜೊತೆ ಕೂತು ಮೂರು ಹಗ್ಗ ಹೊಸೆದೆಯಲ್ಲೋ?”

“ನೀನು ಹಗ್ಗವನ್ನು ಬೈದೆ. ನಿನಗೆ ನಾಚಿಕೆಯಾದೀತು ಅಂತ ನಾನೂ ಹಗ್ಗವನ್ನೇ ಬೈದೆ.”

ಆ ದಿನ ಇಬ್ಬರೂ ಬರಿಗೈಯಲ್ಲಿ ಮನೆಗೆ ಬಂದರು. ಹೆಂಡತಿ ಖಾಲಿ ಬುಟ್ಟಿಯನ್ನು ತೆಗೆದುಕೊಂಡು ಮೂಲೆಗಿಟ್ಟಳು. ಅವನೇ ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಕುಳಿತಲ್ಲೇ ನಿದ್ದೆಹೋದ. ದೊಡ್ಡ ಮಗಳು ಮೆಲ್ಲಗೆ ಬಂದು ತೊಡೆಯ ಮೇಲೆ ಮಲಗಿದ್ದು ಅವನಿಗೆ ಗೊತ್ತಾಗಲಿಲ್ಲ.

ಅಂದಿನಿಂದ ಹಗ್ಗ ಇಳಿಬಿಡುವ ಮೊದಲು ಬಾಮೈದ ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದ. ನಡುಕವಿದ್ದರೆ, “ಇವತ್ತು ಬೇಡ ಭಾವ, ಮನೆಗೆ ನಡಿ,” ಎನ್ನುತ್ತಿದ್ದ. ಹಾಡಿಯವರು ಮೊದಮೊದಲು ಗೊಣಗಿದರು. ಆಮೇಲೆ ಇನ್ನಿಬ್ಬರು ಸಣ್ಣ ಬಂಡೆಗಳಿಗೆ ಇಳಿಯುವುದನ್ನು ಕಲಿತರು.

ಗುರುಗಳು ಕತೆ ನಿಲ್ಲಿಸಿದರು.

“ಜೇನು?” ಎಂದು ಕೇಳಿದಳು ಚಿಕ್ಕತಾಯಮ್ಮ.

“ಆ ವರ್ಷ ಅರ್ಧವೇ ಆಯಿತು.”

“ಆಮೇಲೆ?”

“ಆಮೇಲೇನು? ಅರ್ಧ ಜೇನಿನಲ್ಲೇ ವರ್ಷ ಕಳೆದರು. ಯಾರೂ ಸಾಯಲಿಲ್ಲ.”

ಅವಳು ಮುಂದಿದ್ದ ಮಜ್ಜಿಗೆಯನ್ನು ಇನ್ನೂ ಮುಟ್ಟಿರಲಿಲ್ಲ.

“ಅವನಿಗೇನೋ ಹಗ್ಗ ಹಿಡಿಯುವವನಿದ್ದ ಬುದ್ಧೀ,” ಎಂದಳು. “ನನಗೆ ಯಾರಿದ್ದಾರೆ? ನನ್ನ ಮನೆಯಲ್ಲಿ ಯಾರಿಗೆ ಏನು ತಿಳಿಯುತ್ತದೆ?”

“ಹೋದ ಗುರುವಾರ ನಿನ್ನ ಗಂಡ ಇದೇ ಕಂಬದ ಹತ್ತಿರ ಕೂತಿದ್ದ ತಾಯಿ,” ಎಂದರು ಗುರುಗಳು, “‘ನಮ್ಮ ಮನೆಯ ಲೋಟಗಳೆಲ್ಲ ಯಾಕೋ ಬಹಳ ಜಾರುತ್ತಿವೆ ಬುದ್ಧೀ’ ಅಂತ ಹೇಳಿ ಅತ್ತ.”