ಸೊಸೆ ಹಚ್ಚಿದ ಸಮೋವರ್

"ಗುರುಗಳೇ, ಹಬ್ಬದ ದಿನ ಹುಗ್ಗಿ ಸೀದುಹೋಯಿತು. ಅಡುಗೆಯ ಚೆನ್ನವೀರನನ್ನು ಅಂದೇ ಎಲ್ಲರೆದುರು ಕ್ಷಮಿಸಿದೆ. ಹದಿನೈದು ದಿನವಾದರೂ ಅವನು ತಲೆ ಎತ್ತಿ ನನ್ನನ್ನು ನೋಡುತ್ತಿಲ್ಲ. ನನ್ನ ಕ್ಷಮೆಯಲ್ಲಿ ಏನು ಕೊರತೆ?" ಎಂದು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ನಿಜಗುಣ ಕೇಳಿದ.

ಗುರುಗಳು ನಕ್ಕರು.

"ಕೂತುಕೋ. ರಷ್ಯಾ ದೇಶದ ಒಂದು ಕತೆ ಹೇಳುತ್ತೇನೆ. ನಾನೇನು ಅಲ್ಲಿಗೆ ಹೋದವನಲ್ಲ, ಆ ಚಳಿ ನನಗೆ ಒಗ್ಗುವುದೂ ಇಲ್ಲ. ಆದರೆ ಅತ್ತೆ ಸೊಸೆ ಎಲ್ಲಿದ್ದರೂ ಅತ್ತೆ ಸೊಸೆಯೇ.

"ಅಲ್ಲಿ ಚಹಾಕ್ಕೆ ನೀರು ಕಾಯಿಸಲು ಸಮೋವರ್ ಎಂಬ ಹಿತ್ತಾಳೆಯ ಪಾತ್ರೆ ಇರುತ್ತದೆ. ನಡುವಿನ ಕೊಳವೆಯಲ್ಲಿ ಕೆಂಡ, ಸುತ್ತ ನೀರು, ಮುಂದೊಂದು ನಲ್ಲಿ. ಮೊದಲು ನೀರು ತುಂಬಬೇಕು, ಆಮೇಲೆ ಕೆಂಡ ಹಾಕಬೇಕು. ತಪ್ಪಿದರೆ ಬೆಸುಗೆ ಕರಗಿ ಪಾತ್ರೆ ಬಿಚ್ಚಿಕೊಳ್ಳುತ್ತದೆ.

"ಒಂದು ಮನೆಗೆ ಹೊಸ ಸೊಸೆ ಬಂದಳು. ಆ ಮನೆಯ ಸಮೋವರ್ ಅತ್ತೆಗೆ ಅವಳ ಮದುವೆಯಲ್ಲಿ ಹೆತ್ತ ತಾಯಿ ಕೊಟ್ಟದ್ದು. ಅದನ್ನು ಕಂಡರೆ ಅತ್ತೆಗೆ ಜೀವ. ಒಂದು ಭಾನುವಾರ ನೆಂಟರು ಬರುವವರಿದ್ದರು. ಅತ್ತೆ ಪ್ರಾರ್ಥನೆಗೆ ಹೋಗಿದ್ದಳು. ಪಾಪ, ಸೊಸೆಗೆ ಭೇಷ್ ಅನ್ನಿಸಿಕೊಳ್ಳುವ ಆಸೆ. ಗಡಿಬಿಡಿಯಲ್ಲಿ ಮೊದಲು ಕೆಂಡ ಹಾಕಿ, ನೀರಿಗೆಂದು ಬಾವಿಗೆ ಓಡಿದಳು. ಬಾವಿಯ ಹಗ್ಗ ಹಿಮಗಟ್ಟಿ ಸೆಟೆದಿತ್ತು, ತಡವಾಯಿತು. ಬಂದು ನೋಡಿದರೆ ನಲ್ಲಿ ಕಳಚಿ ನೆಲಕ್ಕೆ ಬಿದ್ದಿತ್ತು. ಇನ್ನು ಈ ಮನೆಯಲ್ಲಿ ತನಗೆ ಜಾಗವಿಲ್ಲ ಎಂದು ಅವಳು ಬಟ್ಟೆ ಗಂಟು ಕಟ್ಟಿದಳು.

"ಅತ್ತೆ ಬಂದಳು. ನಲ್ಲಿಯನ್ನು ಕೈಗೆತ್ತಿಕೊಂಡು ಅತ್ತಳು. ಸುಳ್ಳೇಕೆ, ಚೆನ್ನಾಗಿ ಬೈದಳು ಕೂಡ. ಆಮೇಲೆ ಸೊಸೆಯ ಗಂಟು ಬಿಚ್ಚಿ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟಳು. ನೆಂಟರಿಗೆ ಮಡಕೆಯಲ್ಲೇ ನೀರು ಕಾಯಿತು.

"ವಾರದ ಮೇಲೆ ಕಂಚುಗಾರ ಸಮೋವರನ್ನು ಬೆಸೆದು ತಂದುಕೊಟ್ಟ. ಇನ್ನು ಆ ಹುಡುಗಿಯನ್ನು ಅದರ ಹತ್ತಿರ ಬಿಡಬೇಡ ಎಂದು ನೆರೆಯಾಕೆ ಬುದ್ಧಿ ಹೇಳಿದಳು. ಅತ್ತೆ ಹೂಂ ಎಂದಳು. ಮಾರನೆಯ ಬೆಳಿಗ್ಗೆ ಸೊಸೆ ದೂರ ನಿಂತಿದ್ದಳು. ಅತ್ತೆ ಕೆಂಡದ ಇಕ್ಕಳವನ್ನು ಅವಳ ಕೈಗಿಟ್ಟು, 'ನೀನೇ ಹಚ್ಚಮ್ಮ, ನಾನು ಕೂತು ಕುಡಿಯುತ್ತೇನೆ' ಎಂದಳು. ಹುಡುಗಿ ಇಕ್ಕಳ ಹಿಡಿದು ಸಮೋವರಿನ ಹತ್ತಿರ ಹೋದಳು. ಅತ್ತೆಗೂ ಒಳಗೊಳಗೇ ಭಯವಿತ್ತು, ಅವಳೂ ಮನುಷ್ಯಳೇ ತಾನೆ. ಆದರೂ ಎದ್ದು ಹೋಗಿ, ನೀರು ಹಾಕಿದ್ದಾಳೆಯೇ ಎಂದು ಮುಚ್ಚಳ ತೆಗೆದು ನೋಡಲಿಲ್ಲ. ಅಂದು ಆ ಹುಡುಗಿ ಮೊದಲ ಸಲ ಅವಳನ್ನು ಅಮ್ಮಾ ಎಂದು ಕರೆದಳು."

ಎಂಥ ದೊಡ್ಡ ಮನಸ್ಸು ಎಂದು ನಿಜಗುಣ ಕಣ್ಣೊರೆಸಿಕೊಂಡ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಅದಿರಲಿ ಮಗು, ಚೆನ್ನವೀರನ ಸೌಟು ಈಗ ಯಾರ ಕೈಯಲ್ಲಿದೆ?"