ಸಗಣಿ ಹುಳ ಹಿಂದುಹಿಂದಕ್ಕೆ ನಡೆಯುವುದು ಯಾಕೆ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬಬೇಡಿ! ನಂಬಿ ಅಂತ ಯಾರು ಕೈಮುಗಿದರು? ನಂಬದವರು ನಾಳೆ ಬೆಳಿಗ್ಗೆ ನಮ್ಮ ಕಾವಲಿಗೆ ಬನ್ನಿ. ಕಾವಲು ಅಂದರೆ ನಮ್ಮೂರ ದನ ಮೇಯುವ ಹುಲ್ಲಿನ ಬಯಲು. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸದಷ್ಟು ದೊಡ್ಡದು. ನಾನು ಕೂಗಿದರೆ ಕೇಳಿಸುತ್ತೆ, ಆ ಮಾತು ಬೇರೆ.

ಅಲ್ಲಿ ಒಂದು ಹಸಿ ಸಗಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಹುಳ ಬರುತ್ತೆ. ಸಗಣಿಯನ್ನು ದುಂಡಗೆ ಉಂಡೆ ಕಟ್ಟುತ್ತೆ. ಆಮೇಲೆ ತಲೆ ಕೆಳಗೆ ಮಾಡಿ, ಹಿಂಗಾಲು ಮೇಲೆತ್ತಿ, ಉಂಡೆಯನ್ನು ಹಿಂಗಾಲಲ್ಲೇ ತಳ್ಳುತ್ತಾ ಹಿಂದುಹಿಂದಕ್ಕೆ ಹೊರಡುತ್ತೆ.

ಲೋಕವೆಲ್ಲ ಮುಂದಕ್ಕೆ ನಡೆಯುವಾಗ ಇದೊಂದು ಯಾಕೆ ಹಿಂದಕ್ಕೆ ನಡೆಯುತ್ತೆ? ಕಾರಣ ನಮ್ಮ ಮನೆತನ. ಹೌದು, ನಮ್ಮದೇ! ಒಂದು ಜೀವಿಯ ನಡಿಗೆಯನ್ನೇ ತಿರುಗಿಸಿದ ಮನೆತನ ಈ ಸೀಮೆಯಲ್ಲಿ ಇನ್ನೊಂದಿದ್ದರೆ ತೋರಿಸಿ ನೋಡೋಣ.

ಆಗ ಜಗತ್ತು ಹೊಸದು. ನೆಲ ಇನ್ನೂ ಸಾರಿಸಿದ ಅಂಗಳದ ಹಾಗೆ ಹಸಿಹಸಿಯಾಗಿತ್ತು. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಿದ್ದವು. ದನಗಳಿಗೆ ಆಗತಾನೇ ಕೊಂಬು ಬಂದಿತ್ತು, ಎಷ್ಟು ಅಗಲ ಅಂತ ಅಂದಾಜು ಸಿಗದೆ ಒಂದಕ್ಕೊಂದು ತಗಲಿಸಿಕೊಂಡು ಬೈದಾಡುತ್ತಿದ್ದವು.

ಆ ಕಾಲದಲ್ಲಿ ನಮ್ಮ ಮನೆತನದ ಮೊದಲನೆಯವನು, ಕ್ಯಾತಯ್ಯ, ನೂರು ದನ ಕಾಯುತ್ತಿದ್ದ. ಅವನು ಒಂದು ಸಿಳ್ಳೆ ಹಾಕಿದರೆ ನೂರು ದನ ತಲೆ ಎತ್ತುತ್ತಿದ್ದವು, ಜಾಗ ಹುಡುಕುತ್ತಿದ್ದ ಒಂದೆರಡು ಬೆಟ್ಟಗಳೂ ತಿರುಗಿ ನೋಡುತ್ತಿದ್ದವು. ಆ ಸಿಳ್ಳೆ ಈಗ ನನಗೆ ಬಂದಿದೆ.

ಕಾವಲಿನಲ್ಲಿ ಸೊಂಟದೆತ್ತರ ಹುಲ್ಲು. ದನ ಮೇಯ್ದು ಮುಂದೆ ಹೋಗುತ್ತಿತ್ತು. ಹುಳ ಬಂದು ಸಗಣಿ ಹೂಳುತ್ತಿತ್ತು. ಹುಲ್ಲು ಮತ್ತೆ ಎದ್ದು ನಿಲ್ಲುತ್ತಿತ್ತು. ಹುಲ್ಲಿನ ಬುಡದಲ್ಲಿ ನೆಲಗುಬ್ಬಿ ಗೂಡು ಕಟ್ಟುತ್ತಿತ್ತು, ಹುಲ್ಲಿನ ಮೇಲೆ ಜಿಂಕೆ ಜಿಗಿಯುತ್ತಿತ್ತು. ಆಗ ಸಗಣಿ ಹುಳವೂ ನಿಮ್ಮ ಹಾಗೆ, ನನ್ನ ಹಾಗೆ, ಮುಂದಕ್ಕೇ ನಡೆಯುತ್ತಿತ್ತು. ಉಂಡೆಯನ್ನು ಹಣೆಯಲ್ಲಿ ತಳ್ಳಿಕೊಂಡು ಹಾಡು ಗುನುಗುತ್ತಾ ಹೋಗುತ್ತಿತ್ತು.

ಹೀಗಿರುವಾಗ ಕ್ಯಾತಯ್ಯನಿಗೆ ಮದುವೆ ಆಗುವ ಮನಸ್ಸಾಯಿತು. ಹುಡುಗಿ ಬೆಟ್ಟದಾಚೆ ಹಟ್ಟಿಯ ಚಿತ್ತವ್ವ. ಅವಳು ನಕ್ಕರೆ ಕರುಗಳು ಹಾಲು ಕುಡಿಯುವುದು ಬಿಟ್ಟು ನೋಡುತ್ತಿದ್ದವಂತೆ. ಅವಳ ಅಪ್ಪ ಬೊಮ್ಮಯ್ಯ ಮಾತ್ರ ಬಲು ಬಿಗಿ ಮನುಷ್ಯ.

"ನೋಡಪ್ಪ ಕ್ಯಾತಯ್ಯ, ಮನೆತನ ಅಳೆಯೋದು ತಿಪ್ಪೆ ನೋಡಿ. ತಿಪ್ಪೆ ದೊಡ್ಡದಿದ್ದರೆ ದನ ಜಾಸ್ತಿ, ದನ ಜಾಸ್ತಿ ಇದ್ದರೆ ಮಗಳು ಸುಖವಾಗಿರ್ತಾಳೆ. ನಮ್ಮ ಹೊಸಿಲಲ್ಲಿ ಕೂತರೆ ನಿನ್ನ ತಿಪ್ಪೆ ಕಾಣಬೇಕು. ಅವತ್ತು ಬಾ" ಅಂದ ಬೊಮ್ಮಯ್ಯ.

"ಇಷ್ಟೇನಾ ಮಾವ? ಮೋಡಕ್ಕೆ ತಾಗೋ ಹಾಗೆ ಹಾಕ್ತೀನಿ, ನೀವು ಕತ್ತು ಹಿಡಕೊಂಡು ನೋಡಬೇಕು!"

ಮಾತು ಕೊಟ್ಟ ಮೇಲೆ ನಮ್ಮವರು ಸುಮ್ಮನೆ ಕೂರುವವರಲ್ಲ. ಅಲ್ಲಿಯವರೆಗೆ ದನ ಕೂಡುವ ರೊಪ್ಪದ ಸಗಣಿ ಮಾತ್ರ ತಿಪ್ಪೆಗೆ ಹೋಗುತ್ತಿತ್ತು. ಕ್ಯಾತಯ್ಯ ದೊಡ್ಡ ಮಂಕರಿಯೊಂದನ್ನು ತಲೆಗೇರಿಸಿಕೊಂಡು ಕಾವಲಿಗೇ ಇಳಿದ. ದನ ಹಾಕುವುದೇ ತಡ, ಬಾಚಿ ಮಂಕರಿಗೆ. ಒಂದು ಚೂರೂ ಬಿಡಲಿಲ್ಲ.

ಮೂರನೇ ದಿನ ಕಾಲ ಬಳಿ ಒಂದು ಸಣ್ಣ ದನಿ ಕೇಳಿಸಿತು.

"ಕ್ಯಾತಣ್ಣ, ಅದು ನಂದು."

ಬಗ್ಗಿ ನೋಡಿದರೆ ಸಗಣಿ ಹುಳ.

"ನಿಂದಾ? ನನ್ನ ದನ, ನನ್ನ ಸಗಣಿ. ನೀನ್ಯಾವನೋ?"

"ದನ ನಿಂದೇ ಅಣ್ಣ. ಅದು ತಿಂದ ಹುಲ್ಲು ಯಾರದು?"

"ಹುಲ್ಲು... ಹುಲ್ಲು ತಾನಾಗೇ ಬರುತ್ತೆ!"

"ತಾನಾಗೇ ಬರುತ್ತಾ?" ಹುಳ ಕೊಂಚ ನಕ್ಕಿತು. "ನಮ್ಮ ಮನೆಯವರೆಲ್ಲ ದಿನಾ ನೆಲ ಅಗೆಯೋದು ಮತ್ತೆ ಯಾಕೆ ಅಂದುಕೊಂಡಿದ್ದೀಯಾ, ಆಟಕ್ಕಾ?"

ನಮ್ಮ ಕ್ಯಾತಯ್ಯನಿಗೆ ಎದುರು ಮಾತಾಡಿದರೆ ಆಗುತ್ತಿರಲಿಲ್ಲ. ನನಗೂ ಆಗುವುದಿಲ್ಲ. ಅವನು ಕಾಲ ಹೆಬ್ಬೆರಳಿನಿಂದ ಹುಳವನ್ನು ಚಿಮ್ಮಿದ. ಹುಳ ಮೂರು ಪಲ್ಟಿ ಹೊಡೆದು ಬಿತ್ತು, ಎದ್ದಿತು, ಮೈ ಕೊಡವಿಕೊಂಡಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಟ್ಟದ ಕಡೆ ಹೊರಟುಹೋಯಿತು.

ಹುಳ ಹೋದ ಮೇಲೆ ನೆಲಗುಬ್ಬಿ, "ಇನ್ನು ನನ್ನ ಮರಿಗಳಿಗೆ ಏನು ತಿನ್ನಿಸಲಿ?" ಅಂತ ಹೋಯಿತು. ಅಗೆಯುವವರಿಲ್ಲದ ನೆಲ ಬಂಡೆಯ ಹಾಗೆ ಗಟ್ಟಿಯಾಯಿತು, ಹುಲ್ಲು ಕುಳ್ಳಾಯಿತು. "ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲ" ಅಂತ ಜಿಂಕೆಯೂ ಹೋಯಿತು. ಜಿಂಕೆಯ ಹಿಂದೆ ತೋಳವೂ ಹೋಯಿತು, ಅದು ಯಾರಿಗೂ ಹೇಳಿ ಹೋಗಲಿಲ್ಲ.

ತಿಪ್ಪೆ ಮಾತ್ರ ಬೆಳೆಯಿತು. ಮನೆಯಷ್ಟಾಯಿತು. ಮರದಷ್ಟಾಯಿತು. ಜಾಗ ಹುಡುಕುತ್ತಿದ್ದ ಒಂದು ಗುಡ್ಡ ಬಂದು, "ಪಕ್ಕದಲ್ಲಿ ಕೂರಲೇನಣ್ಣ?" ಅಂತ ತಿಪ್ಪೆಯನ್ನೇ ಕೇಳಿತಂತೆ. ನಗಬೇಡಿ, ಆ ಗುಡ್ಡ ಈಗಲೂ ಅಲ್ಲೇ ಇದೆ.

ಬೊಮ್ಮಯ್ಯ ತನ್ನ ಹೊಸಿಲಲ್ಲಿ ಕೂತು ತಿಪ್ಪೆ ನೋಡಿದ, ಮೀಸೆ ತಿರುವಿದ, ಮಗಳನ್ನು ಕರೆದುಕೊಂಡು ಹೊರಟೇಬಿಟ್ಟ.

ಬಂದವರಿಗೆ ಹಾಲು ಕೊಡಬೇಕಲ್ಲ. ಕ್ಯಾತಯ್ಯ ಚೊಂಬು ಹಿಡಿದು ಕೆಂದಿಯ ಹತ್ತಿರ ಓಡಿದ. ಕೆಂದಿ ಅವನ ಅಚ್ಚುಮೆಚ್ಚಿನ ಕೆಂಪು ಹಸು. ಹಿಂಡಿದ, ಹಿಂಡಿದ. ಚೊಂಬಿನ ತಳ ನೆನೆಯಲಿಲ್ಲ. ಕೆಂದಿ ತಿರುಗಿ ನೋಡಿ, "ಆ ತಿಪ್ಪೆಯನ್ನೇ ಹಿಂಡಿಕೋ ಹೋಗು" ಅಂದಿತು.

ಚಿತ್ತವ್ವ ಎಲ್ಲ ನೋಡುತ್ತಿದ್ದಳು. ಬೋಳು ಬಯಲಿನಲ್ಲಿ ಕೆಂದಿಯ ಕರು ಮಲಗಿತ್ತು. ಅಷ್ಟು ದೂರದಿಂದಲೇ ಅದರ ಪಕ್ಕೆಲುಬು ಎಣಿಸಬಹುದಿತ್ತು.

"ಅಪ್ಪಾ, ನನ್ನ ಮದುವೆ ಮಾಡ್ತಿರೋದು ತಿಪ್ಪೆ ಜೊತೆಗಾ, ಮನುಷ್ಯನ ಜೊತೆಗಾ?" ಅಂದಳು.

"ಎಂಥ ತಿಪ್ಪೆ ನೋಡವ್ವ!" ಅಂದ ಬೊಮ್ಮಯ್ಯ, ಇನ್ನೂ ಕತ್ತು ಮೇಲೆತ್ತಿಕೊಂಡೇ.

ಚಿತ್ತವ್ವ ಕ್ಯಾತಯ್ಯನ ಕಡೆ ತಿರುಗಿದಳು. "ನಿನ್ನ ಸಿಳ್ಳೆ ನಂಗಿಷ್ಟ. ನಮ್ಮ ಹಟ್ಟಿಗೂ ಕೇಳಿಸ್ತದೆ. ಆದರೆ ನೋಡು, ಕಾವಲಲ್ಲಿ ಮಲಗಿದ ಕರು ಕಾಣದಷ್ಟು ಹುಲ್ಲು ಬಂದ ದಿನ ಹೇಳಿ ಕಳಿಸು, ಬರ್ತೀನಿ. ಮುಂದಿನ ವರ್ಷದ ಮಳೆಗಾಲ ಮುಗಿಯೋವರೆಗೂ ಕಾಯ್ತೀನಿ. ಅದರ ಮೇಲೆ ಕಾಯಲ್ಲ."

ಕ್ಯಾತಯ್ಯ ಆ ದಿನ ಊಟ ಮಾಡಲಿಲ್ಲ. ನಮ್ಮ ಮನೆತನದಲ್ಲಿ ಊಟ ಬಿಟ್ಟವನು ಅವನೊಬ್ಬನೇ.

ಮಾರನೇ ದಿನ ಎದ್ದವನೇ, "ತಂದವನಿಗೆ ವಾಪಸ್ ಹಾಕೋಕೆ ಬರಲ್ವಾ?" ಅಂತ ಮಂಕರಿ ಎತ್ತಿದ. ತಿಪ್ಪೆಯನ್ನು ಹೊತ್ತು ಹೊತ್ತು ಕಾವಲಿಗೆಲ್ಲ ಸುರಿದ. ಬಂಡೆಯಂಥ ನೆಲದ ಮೇಲೆ ಅದು ಹಾಗೇ ಕೂತಿತು. ಬಿಸಿಲಿಗೆ ಹಪ್ಪಳವಾಯಿತು, ನೊಣ ಮುತ್ತಿತು. ಮಳೆ ಬಂದದ್ದೇ ಅಷ್ಟೂ ತೊಳೆದುಕೊಂಡು ಹಳ್ಳಕ್ಕೆ ಇಳಿಯಿತು.

"ಏಯ್ ಕ್ಯಾತಯ್ಯ!" ಹಳ್ಳ ಕೆಮ್ಮುತ್ತಾ ಕೂಗಿತು. "ನಾನೇನು ನಿನ್ನ ತಿಪ್ಪೆಗುಂಡಿನಾ? ಮೀನುಗಳು ಮೂಗು ಮುಚ್ಚಿಕೊಂಡಿವೆ!"

"ಏನು ಮಾಡಲಿ ಹಳ್ಳವ್ವ? ಸುರಿದರೂ ನೆಲ ತಗೊಳ್ತಿಲ್ಲ."

ಆಗ ಅಲ್ಲೇ ಸುತ್ತುತ್ತಿದ್ದ ಗಾಳಿ ಹೇಳಿತು: "ಸುರಿಯೋದು ನೀನು ಕಲಿತಿದ್ದೀಯ. ಹೂಳೋದು ಕಲಿತವನನ್ನ ಕಾಲಲ್ಲಿ ಚಿಮ್ಮಿದೆ. ಹೋಗಿ ಕರಿ."

"ಅಷ್ಟು ಸಣ್ಣ ಹುಳದ ಮುಂದೆ ನಾನು ತಲೆ ಬಗ್ಗಿಸಬೇಕಾ?"

"ಬಗ್ಗಿಸದೆ ಇದ್ದರೆ ಅವನು ನಿನಗೆ ಕಾಣೋದೇ ಇಲ್ಲವಲ್ಲೋ!" ಅಂತ ಗಾಳಿ ನಕ್ಕು ಹೋಯಿತು.

ಕ್ಯಾತಯ್ಯ ಬೆಟ್ಟ ಹತ್ತಿದ, ತಲೆ ಬಗ್ಗಿಸಿಕೊಂಡೇ ಹತ್ತಿದ. ಆಚೆ ಇಳಿಜಾರಿನಲ್ಲಿ ಸಗಣಿ ಹುಳ ಕಂಡಿತು. ಪಾಪ, ಸೊರಗಿತ್ತು. ಜಿಂಕೆಯ ಒಣ ಹಿಕ್ಕೆಯೊಂದನ್ನು ಉರುಳಿಸುತ್ತಿತ್ತು, ಕಡಲೆಕಾಳಿನಷ್ಟು. ಜಿಂಕೆ, ನೆಲಗುಬ್ಬಿ ಎಲ್ಲರೂ ಆ ಇಕ್ಕಟ್ಟಿನಲ್ಲೇ ಹೇಗೋ ಇದ್ದರು.

"ಹುಳಪ್ಪಾ, ತಪ್ಪಾಯ್ತು."

ಹುಳ ತನ್ನ ಕೆಲಸ ನಿಲ್ಲಿಸಲಿಲ್ಲ. "ಜೋರಾಗಿ ಹೇಳಣ್ಣ. ನೀನು ಸಿಳ್ಳೆ ಹಾಕೋವಾಗ ಬೆಟ್ಟಕ್ಕೇ ಕೇಳಿಸ್ತದೆ."

"ತಪ್ಪಾಯ್ತು!" ಅಂದ ಕ್ಯಾತಯ್ಯ. ಬೆಟ್ಟ ತಿರುಗಿ ನೋಡಿತು.

"ಹಾಗಾದರೆ ಕೇಳು" ಅಂದಿತು ಹುಳ. "ಕಾವಲಲ್ಲಿ ಬಿದ್ದದ್ದು ಕಾವಲಿಗೆ. ರೊಪ್ಪದಲ್ಲಿ ಬಿದ್ದದ್ದು ನಿನಗೆ. ಕಾವಲಿನ ಒಂದು ಮೂಲೆಗೆ, ಹುಲ್ಲು ಬೀಜ ಕಟ್ಟಿ ಉದುರೋವರೆಗೂ ದನ ಬಿಡಬಾರದು. ಒಬ್ಬನೇ ಬರಲ್ಲ ನಾನು, ಇವರೂ ಬರ್ತಾರೆ. ನೆಲಗುಬ್ಬಿನೂ."

"ನೆಲಗುಬ್ಬಿನಾ? ಅವಳು ನಿನ್ನ ಮರಿಗಳನ್ನೇ ಹೆಕ್ಕಿ ತಿಂತಾಳಲ್ಲೋ!"

"ತಿಂತಾಳೆ. ಅವಳು ತಿನ್ನದಿದ್ದರೆ ನಾವೇ ಕಾವಲೆಲ್ಲ ತುಂಬ್ಕೊಂಡು, ಇರೋ ಸಗಣಿಗೆ ನಾವು ನಾವೇ ಹೊಡೆದಾಡ್ತೀವಿ. ಸ್ವಲ್ಪ ಅವಳಿಗೆ, ಮಿಕ್ಕಿದ್ದು ನಮಗೆ."

"ತೋಳ?"

"ಅದನ್ನ ನೀನೂ ಅವನೂ ಕೂತು ಮಾತಾಡ್ಕೊಳ್ಳಿ" ಅಂದಿತು ಹುಳ. ಆ ಮಾತುಕತೆ ಇನ್ನೂ ಮುಗಿದಿಲ್ಲ.

ಎಲ್ಲರೂ ಬೆಟ್ಟ ಇಳಿದು ಬಂದರು. ಕೆಂದಿ ಕಾವಲಲ್ಲಿ ಒಂದು ಹಸಿ ಸಗಣಿ ಹಾಕಿ ದಾರಿ ಬಿಟ್ಟಿತು. ಹುಳ ಎಷ್ಟೋ ದಿನದ ಹಸಿವಿನಲ್ಲಿ ದೊಡ್ಡದೊಂದು ಉಂಡೆ ಕಟ್ಟಿ, ಹಣೆ ಕೊಟ್ಟು, ಹಾಡು ಗುನುಗುತ್ತಾ ಹೊರಟಿತು. ಹಿಂದೆ ನಿಂತಿದ್ದ ಕ್ಯಾತಯ್ಯನ ಕೈ ಇದೆಯಲ್ಲ, ಅದಕ್ಕೆ ಒಂದು ವರ್ಷದ ಅಭ್ಯಾಸ. ತನ್ನಷ್ಟಕ್ಕೆ ತಾನೇ ಉಂಡೆಯ ಕಡೆ ಹೊರಟುಬಿಟ್ಟಿತು!

ಹುಳ ತಟ್ಟನೆ ತಿರುಗಿತು.

"ಏನಣ್ಣ ಅದು?"

"ನೊಣ... ನೊಣ ಓಡಿಸ್ತಿದ್ದೆ ಹುಳಪ್ಪ."

"ಹೌದಾ?" ಅಂದಿತು ಹುಳ. ಅಂದದ್ದೇ ಮುಖವನ್ನು ಕ್ಯಾತಯ್ಯನ ಕಡೆ ಮಾಡಿಕೊಂಡಿತು. ತಲೆ ನೆಲಕ್ಕೆ ಕೊಟ್ಟು, ಹಿಂಗಾಲು ಉಂಡೆಗೆ ಕೊಟ್ಟು, ಕಣ್ಣು ಅವನ ಕೈಯ ಮೇಲೇ ಇಟ್ಟು, ಹಿಂದುಹಿಂದಕ್ಕೆ ಹೊರಟಿತು. ಹಾಡು ಮಾತ್ರ ಮತ್ತೆ ಹಾಡಲಿಲ್ಲ. ಕಣ್ಣಿಟ್ಟು ಕಾಯುವವನಿಗೆ ಹಾಡು ಎಲ್ಲಿ ಬರಬೇಕು?

ಆ ವರ್ಷ ಹುಳದ ಮನೆಯವರು ನೆಲವನ್ನೆಲ್ಲ ತೂತು ತೂತು ಮಾಡಿದರು. ಮುಂದಿನ ಮಳೆ ಹಳ್ಳಕ್ಕೆ ಓಡಿಹೋಗದೆ ಆ ತೂತುಗಳಲ್ಲಿ ಇಳಿದು ಕೂತಿತು. ದನ ಮೇಯ್ದು ಮುಂದೆ ಹೋಯಿತು. ಹುಳ ಬಂದು ಹೂಳಿತು. ಹುಲ್ಲು ಎದ್ದು ನಿಂತಿತು. ಕೆಂದಿ ಇನ್ನೊಂದು ಕರು ಹಾಕಿತು.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಕ್ಯಾತಯ್ಯ ನೋಡುತ್ತಾನೆ, ಕರು ಇಲ್ಲ! ತೋಳ ಒಯ್ದಿತೋ ಏನೋ ಅಂತ ಈ ತುದಿಯಿಂದ ಆ ತುದಿಗೆ ಓಡಿದ. ಸಿಳ್ಳೆ ಹಾಕಿದ. ಕರೆದ, ಬೈದ, ಅತ್ತೂ ಬಿಟ್ಟ. ಕೊನೆಗೆ ಎಡವಿ ಮೂಗು ಮುಂದಾಗಿ ಬಿದ್ದ. ಎಡವಿದ್ದು ಯಾವುದನ್ನು? ಕರುವನ್ನೇ! ಅದು ಹುಲ್ಲಿನೊಳಗೆ ಹಾಯಾಗಿ ಮಲಗಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

ಕ್ಯಾತಯ್ಯ ಬಿದ್ದಲ್ಲೇ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಎದ್ದು ಕುಣಿದ ಕುಣಿತಕ್ಕೆ ನೂರು ದನ ಬೆದರಿದವು.

"ಗಾಳಿಯಣ್ಣಾ, ಓಡು! ಬೆಟ್ಟದಾಚೆ ಹೇಳು, ಕರು ಕಾಣ್ತಿಲ್ಲ ಅಂತ ಹೇಳು! ಬೇಗ ಬರೋಕೆ ಹೇಳು!"

ಚಿತ್ತವ್ವ ಬಂದಳು. ಹುಲ್ಲಿನಲ್ಲಿ ಕೈಯಾಡಿಸಿಕೊಂಡೇ ನಡೆದು ಬಂದಳು. ಹಿಂದೆ ಬೊಮ್ಮಯ್ಯ ಗೊಣಗುತ್ತಿದ್ದ: "ನಮ್ಮ ಹೊಸಿಲಿಂದ ಇವನ ತಿಪ್ಪೆ ಈಗ ಕಾಣೋದೇ ಇಲ್ಲವಲ್ಲವ್ವ."

"ಹುಲ್ಲು ಅಡ್ಡ ಬಂದಿದೆಯಪ್ಪಾ" ಅಂದಳು ಚಿತ್ತವ್ವ.

ಕಾವಲಿನಲ್ಲೇ ಮದುವೆ ಆಯಿತು. ಕೆಂದಿ ಚೊಂಬು ತುಂಬಿ ಚೆಲ್ಲುವಷ್ಟು ಹಾಲು ಕೊಟ್ಟಿತು. ನೆಲಗುಬ್ಬಿ ಮೇಲೆ ಹಾರಿ ಹಾರಿ ಹಾಡಿತು. ಜಿಂಕೆ ಜಿಗಿದು ತೋರಿಸಿತು. ಎಲ್ಲ ಮುಗಿಯುವ ಹೊತ್ತಿಗೆ ಸಗಣಿ ಹುಳ ಬಂತು, ಬಂದವರೆಲ್ಲರ ಮೇಲೂ ಕಣ್ಣಿಟ್ಟು, ಹಿಂದುಹಿಂದಕ್ಕೆ, ಒಂದು ಉಂಡೆ ತಳ್ಳಿಕೊಂಡು. ಉಂಡೆ ಹೋಗಿ ಮದುಮಗನ ಕಾಲ ಹೆಬ್ಬೆರಳಿಗೆ ತಾಗಿ ನಿಂತಿತು. ಅದೇ ಹೆಬ್ಬೆರಳು.

"ಇದು ನನ್ನ ಪಾಲಿಂದು ಕ್ಯಾತಣ್ಣ. ನಾನಾಗಿ ಕೊಡ್ತಿದ್ದೀನಿ, ಇಟ್ಕೋ" ಅಂದಿತು.

ಸಗಣಿ ಹುಳ ಇವತ್ತಿಗೂ ಹಿಂದುಹಿಂದಕ್ಕೇ ನಡೆಯುತ್ತೆ. ನೀವು ಪಕ್ಕದಲ್ಲಿ ಕೂತರೆ ಒಂದು ಗಳಿಗೆ ನಿಂತು ನಿಮ್ಮ ಕೈ ನೋಡುತ್ತೆ. ನಾನು ಕೂತರೆ ಎರಡು ಗಳಿಗೆ ನೋಡುತ್ತೆ, ನಮ್ಮ ಮನೆತನದ ಗುರುತು ಅದಕ್ಕೆ ಅಷ್ಟು ಚೆನ್ನಾಗಿದೆ. ನಮ್ಮೂರಲ್ಲಿ ಇವತ್ತಿಗೂ ಕಾವಲಿನ ಸಗಣಿಯನ್ನು ಯಾರೂ ಮುಟ್ಟುವುದಿಲ್ಲ.

ಇನ್ನು ಲೋಕದಲ್ಲೇ ಎತ್ತರದ ತಿಪ್ಪೆ ಹಾಕಿದ ಕ್ಯಾತಯ್ಯ. ಅವನಿಗೆ ಕೊನೆಗೆ ಸಿಕ್ಕಿದ್ದು ಒಂದು ಸಗಣಿ ಉಂಡೆ, ನೆಲ್ಲಿಕಾಯಿ ಗಾತ್ರದ್ದು.