ಹಾಡು ಎತ್ತುವವರು

ತುಂಗಭದ್ರೆಯ ದಡದಲ್ಲಿ ಕುರುಡರದೊಂದು ಆಶ್ರಮ. ಅಲ್ಲಿಯ ಹನ್ನೊಂದು ಮಂದಿ ಊರೂರು ತಿರುಗಿ ಯೇಸುವಿನ ಕೀರ್ತನೆ ಹಾಡುತ್ತಿದ್ದರು. ವಾದ್ಯವಿಲ್ಲ, ಚಪ್ಪಾಳೆಯಿಲ್ಲ, ಬರೀ ಕಂಠ. ಹನ್ನೊಂದೂ ಕಂಠ ಒಂದೇ ಕ್ಷಣಕ್ಕೆ ಏಳುತ್ತಿದ್ದವು. ಕಣ್ಣಿದ್ದವರಿಗೆ ಅದೇ ದೊಡ್ಡ ಸೋಜಿಗ.

ಗುರು ಸಮುವೇಲಪ್ಪನಿಗೆ ಎಂಬತ್ತು ದಾಟಿತ್ತು. ಒಂದು ದಿನ ಶಿಷ್ಯ ಜೀವರತ್ನನನ್ನು ಕರೆದ.

“ಇನ್ನ ಮ್ಯಾಲೆ ಮೇಳ ನಿಂದು. ಭಾನುವಾರ ಹೊಸ ದೇವಾಲಯದಾಗ ನೀನೇ ಹಾಡಸು. ಕೆಡಿಸಿದರ ಮತ್ತ ಯಾರೂ ಕರಿಯೂದಿಲ್ಲ, ನೋಡು.”

“ಆಗಲಿ ಅಜ್ಜಾರ. ಆದರ ಆ ಮುದುಕ ಡ್ಯಾನಿಯೇಲಪ್ಪನ್ನ ಬಿಡಸ್ರಿ. ಅವನ ಕಂಠ ಹೋಗಿ ಯಾವ ಕಾಲ ಆತು! ಬರೀ ಗೊರಗೊರ ಅಂತಾನ.”

“ಮೇಳ ನಿಂದು ಅಂದೆನಲ್ಲ, ಬಿಡಸು.”

ಸುದ್ದಿ ಅಂದೇ ಡ್ಯಾನಿಯೇಲಪ್ಪನಿಗೆ ಮುಟ್ಟಿತು. ಎದ್ದು ಅಡುಗೆಮನೆಗೆ ಹೋಗಿ ಶೇಂಗಾ ಸುಲಿಯುತ್ತ ಕೂತ.

ಇತ್ತ ತಾಲೀಮು ಶುರುವಾಯಿತು. ಇಬ್ಬರು ಮೊದಲೇ ಹಾಡಿಬಿಟ್ಟರು, ಮೂವರು ಹಿಂದೆ ಬಿದ್ದರು, ಸುಗಂಧಮ್ಮ ಹಾಡಲೇ ಇಲ್ಲ.

“ಯಾವಾಗ ಎತ್ತಬೇಕೋ ಯಪ್ಪಾ?” ಎಂದಳು.

ಜೀವರತ್ನ ಚಪ್ಪಾಳೆ ತಟ್ಟಿದ. ಎಲ್ಲರೂ ಬೆಚ್ಚಿಬಿದ್ದರು. ಒಂದು, ಎರಡು ಎಂದು ಎಣಿಸಿದ. ಹಾಡು ಕುಂಟಿತು. ಮೂರು ದಿನ ಇದೇ ಹಾಡು-ಪಾಡು. ಶನಿವಾರ ಅವನಿಗೆ ಸಾಕುಬೇಕಾಗಿ ಹೋಯಿತು.

ನೀರು ಕುಡಿಯಲು ಅಡುಗೆಮನೆಗೆ ಹೋದ. ಡ್ಯಾನಿಯೇಲಪ್ಪ ಕೊಡ ಎತ್ತಲು ಬಗ್ಗಿದ್ದ. ಎತ್ತುವ ಮುಂಚೆ ಸುಂಯ್ ಎಂದು ಉಸಿರೆಳೆದುಕೊಂಡ.

ಜೀವರತ್ನನ ಬಾಯಿ ತಾನಾಗಿ ತೆರೆದು, ಕೀರ್ತನೆಯ ಮೊದಲ ಸಾಲು ಹೊರಗೆ ಬಂತು.

ಅಲ್ಲೇ ಕುಸಿದು ಮುದುಕನ ಕಾಲು ಹಿಡಿದುಕೊಂಡು ಅತ್ತ. ಅವನಿಗೆ ನಾಚಿಕೆಯೂ ಆಗಿತ್ತು, ಹೇಳತೀರದ ಸಂತೋಷವೂ ಆಗಿತ್ತು. ಡ್ಯಾನಿಯೇಲಪ್ಪ, “ಏಯ್ ಹುಚ್ಚಾ, ನೀರು ಚೆಲ್ಲತೈತಿ!” ಎಂದು ಬೈದ.

ಜೀವರತ್ನ ಓಡಿಹೋಗಿ ಗುರುವಿನ ಮುಂದೆ ನಿಂತ. “ಹನ್ನೆರಡು ವರ್ಷ ಅವನ ಉಸಿರು ಕೇಳೇ ನಾವು ಹಾಡು ಎತ್ತೀವ್ರಿ. ಒಂದು ದಿನಾನೂ ಕೈ ಮುಗೀಲಿಲ್ಲ ನಾ!”

“ನನಗೂ ಐವತ್ತು ವರ್ಷ ಅವನೇ ದಾರಿ,” ಎಂದ ಸಮುವೇಲಪ್ಪ. “ಆಗ ನಾವು ಇಬ್ಬರೇ. ಹೊಳಿಗೆ ನೀರಿಗೆ ಹೋಗೂವಾಗ ಒಬ್ಬರಿಗೊಬ್ಬರು ತಪ್ಪಿಸಿಕೊಳ್ಳಬಾರದಂತ ಹಾಡತಿದ್ವಿ. ಹಾಡು ನಿಂತರ ಒಬ್ಬ ತಗ್ಗಿಗೆ ಬಿದ್ದ ಅಂತ ತಿಳಕೋಬೇಕು. ಅದನ್ನ ಕೇಳಿ ಮೂರನೇಯವ ಬಂದ, ಆಮ್ಯಾಲೆ ನಾಲ್ಕನೇಯವ. ಮೇಳ ಹುಟ್ಟಿದ್ದು ಹಿಂಗ.”

“ಮೊದಲೇ ಹೇಳಬಾರದಿತ್ತೇನ್ರಿ?”

“ಹೇಳಿದ್ದರ ನನ್ನ ಮಾತಿಗೆ ಅವನ್ನ ಪಾಪ ಅಂತ ಇಟಗೋತಿದ್ದಿ. ಈಗ ಅವನಿಲ್ಲದ ನಡಿಯೂದಿಲ್ಲ ಅಂತ ನಿನಗ ಗೊತ್ತಾತು.”

ಒಳಗಿನಿಂದ ಸುಗಂಧಮ್ಮನ ನಗು ಕೇಳಿಸಿತು. ಡ್ಯಾನಿಯೇಲಪ್ಪನನ್ನು ಕೈಹಿಡಿದು ಮೇಳಕ್ಕೆ ಕರೆತರುತ್ತಿದ್ದಳು.

“ಅಜ್ಜಾರ, ಅವನ ಉಸಿರು ನಿಂತ ದಿನ ಮೇಳದ ಗತಿ ಏನ್ರಿ?”

ಸಮುವೇಲಪ್ಪ ಶಿಷ್ಯನ ಎದೆಯ ಮೇಲೆ ಕೈಯಿಟ್ಟ.

“ಅಷ್ಟರಾಗ ದೇವರ ದಯದಿಂದ ನಿನಗೂ ವಯಸ್ಸಾಗಿ ಉಸಿರು ಸುಂಯ್ ಅಂತಿರತದ, ತಗೋ.”